ಪಿಕಪ್ ಹಿಂದೆ ಕ್ಯಾರವಾನ್: ಕರಾವಳಿ ರಸ್ತೆಗೆ ಬೇಕಾದ ತೂಕದ ಲೆಕ್ಕ, ಜೋಡಣೆ, ಚಾಲನೆ

ಮಂಗಳೂರಿನಿಂದ ಮರವಂತೆಗೋ ಸಕಲೇಶಪುರದ ಕಾಫಿ ತೋಟಕ್ಕೋ ಕ್ಯಾರವಾನ್ ಟ್ರೇಲರ್, ಅಂದರೆ ಮಲಗಲು, ಅಡುಗೆಗೆ ಜಾಗವಿರುವ ಚಕ್ರದ ಮನೆ, ಎಳೆದುಕೊಂಡು ಹೋಗಬೇಕೆನ್ನುವವರು ಮೊದಲು ಕೇಳುವುದು "ನನ್ನ ಪಿಕಪ್ ಎಷ್ಟು ಎಳೆಯುತ್ತದೆ?" ಎಂದು. ಹೈಲಕ್ಸ್ ಅಥವಾ ವಿ-ಕ್ರಾಸ್‌ನಂಥ ಪಿಕಪ್‌ನ ಡೀಸೆಲ್ ಎಂಜಿನ್‌ಗೆ ಸಾವಿರದಿನ್ನೂರು ಕಿಲೋ ಎಳೆಯುವುದು ದೊಡ್ಡ ಮಾತಲ್ಲ. ಕೇಳಬೇಕಾದದ್ದು ಬೇರೆ: ಪಿಕಪ್ ತನ್ನ ಬೆನ್ನ ಮೇಲೆ ಎಷ್ಟು ಹೊರುತ್ತದೆ? ಟ್ರೇಲರ್ ಬರೀ ಹಿಂದಿನಿಂದ ಉರುಳಿಕೊಂಡು ಬರುವುದಿಲ್ಲ, ತನ್ನ ತೂಕದ ಒಂದು ಪಾಲನ್ನು ಹಿಚ್‌ನ (ಟ್ರೇಲರ್ ಸಿಕ್ಕಿಸಲು ಪಿಕಪ್‌ನ ಹಿಂದಿರುವ ಕೊಂಡಿಯ) ಮೇಲೆ ಹೇರುತ್ತದೆ. ಎಳೆಯುವ ಶಕ್ತಿ ಮುಗಿಯುವ ಎಷ್ಟೋ ಮೊದಲೇ ಹೊರುವ ಮಿತಿ ಮುಗಿಯುತ್ತದೆ.

ಅಮೆರಿಕದಲ್ಲಿ ಫೋರ್ಡ್ ಎಫ್-150 ಗಾತ್ರದ ಪಿಕಪ್‌ಗಳನ್ನು ಇಂದಿಗೂ 'ಹಾಫ್-ಟನ್' ಎನ್ನುತ್ತಾರೆ. ಒಂದು ಕಾಲದಲ್ಲಿ ಅವು ಹೊರುತ್ತಿದ್ದ 1,000 ಪೌಂಡ್, ಅಂದರೆ ಸುಮಾರು 450 ಕಿಲೋದಿಂದ ಬಂದ ಹೆಸರು ಅದು. ಈಗಿನವು ಅದಕ್ಕಿಂತ ಹೆಚ್ಚು ಹೊರುತ್ತವೆ, ಹೆಸರು ಮಾತ್ರ ಉಳಿದಿದೆ. ಹೊರ ದೇಶಗಳಲ್ಲಿ ಹೈಲಕ್ಸ್ ಮತ್ತು ಡಿ-ಮ್ಯಾಕ್ಸ್‌ಗಳಿಗೆ 3,500 ಕಿಲೋ ಎಳೆಯುವ ಮಿತಿ ಕೊಟ್ಟಿರುವುದನ್ನು ವಿಡಿಯೋಗಳಲ್ಲಿ ನೋಡಿರುತ್ತೀರಿ. ಆ ಅಂಕಿ ಅಲ್ಲಿನ ಮಾದರಿಯದು, ಅಲ್ಲಿನ ಹಿಚ್‌ನದು. ಇಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಗಾಡಿಯ ಓನರ್ಸ್ ಮ್ಯಾನುವಲ್, ಬಾಗಿಲ ಕಂಬದ ಬಳಿಯ ಪ್ಲೇಟ್ ಮತ್ತು ಹಿಚ್‌ನ ಮೇಲಿರುವ ಪ್ಲೇಟ್. ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ತೂಕದ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪಿಕಪ್‌ನ ಗರಿಷ್ಠ ಒಟ್ಟು ತೂಕ 2,910 ಕಿಲೋ, ಡೀಸೆಲ್ ತುಂಬಿದ ಖಾಲಿ ಗಾಡಿ 2,460 ಕಿಲೋ. ಹೊರಬಲ್ಲದ್ದು 450. ತಲಾ 65 ಕಿಲೋದಂತೆ ನಾಲ್ಕು ಜನರಿಗೆ 260, ಹಿಂದಿನ ಡಬ್ಬಕ್ಕೆ ಹಾಕಿಸಿದ ಫೈಬರ್ ಕ್ಯಾನಪಿಗೆ 60, ಹಿಚ್‌ಗೆ 30. ಅಲ್ಲಿಗೆ 350 ಆಯಿತು. ಉಳಿದದ್ದು 100. ಸಾಮಾನು ತುಂಬಿದ ಕ್ಯಾರವಾನ್ 1,200 ಕಿಲೋ ಇದ್ದು ಹಿಚ್ ಮೇಲೆ 140 ಕಿಲೋ ಹೇರಿದರೆ ಆಗಲೇ 40 ಕಿಲೋ ಹೆಚ್ಚಾಯಿತು. ಡಬ್ಬದೊಳಗೆ ಒಂದು ಚೀಲವನ್ನೂ ಇಟ್ಟಿಲ್ಲ.

ಇಲ್ಲಿಯೇ ಹಲವರು ಎಡವುತ್ತಾರೆ. ಹಿಚ್ ಭಾರ ಇಳಿಸಲು ಕ್ಯಾರವಾನಿನ ಸಾಮಾನನ್ನು ಹಿಂಬದಿಗೆ ಸರಿಸುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ, ರಸ್ತೆಯ ಮೇಲೆ ಟ್ರೇಲರ್ ಬಾಲ ಬೀಸಲು ಶುರುಮಾಡುತ್ತದೆ. ಹಿಚ್ ಭಾರ ಟ್ರೇಲರನ್ನು ನೇರವಾಗಿ ಹಿಡಿದಿಡುವ ಬಲ, ಅದನ್ನು ಕದಿಯಬಾರದು. ಕಡಿಮೆ ಮಾಡಬೇಕಾದದ್ದು ಪಿಕಪ್‌ನ ಹೊರೆಯನ್ನು: ಕ್ಯಾನಪಿ ಬಿಚ್ಚಿಡಿ, ಇಬ್ಬರು ಬೇರೆ ಕಾರಿನಲ್ಲಿ ಬರಲಿ, ಇಲ್ಲವೇ ಚಿಕ್ಕ ಕ್ಯಾರವಾನ್ ಆರಿಸಿ.

ಹಿಚ್ ಭಾರ ಎಷ್ಟಿರಬೇಕು? ಅಮೆರಿಕದವರು ಟ್ರೇಲರ್ ತೂಕದ ಶೇ. 10ರಿಂದ 15 ಎನ್ನುತ್ತಾರೆ, ಯುರೋಪಿನವರು ಶೇ. 5ರಿಂದ 7. ಎರಡೂ ಅವರವರ ಟ್ರೇಲರ್‌ಗೆ ಸರಿ. ಯುರೋಪಿನ ಕ್ಯಾರವಾನ್‌ಗಳ ಆಕ್ಸಲ್ ಹೆಚ್ಚುಕಡಿಮೆ ನಡುವಿಗಿರುತ್ತದೆ, ಅಲ್ಲಿ ಎಳೆಯುವ ವೇಗವೂ ಕಡಿಮೆ, ಕಾರುಗಳ ಹಿಚ್ ಮಿತಿಯೂ ಚಿಕ್ಕದು. ಟ್ರೇಲರ್ ತಯಾರಕರು ಹೇಳಿದ್ದನ್ನೇ ಪಾಲಿಸಿ. ಅವರು ಏನೂ ಹೇಳಿರದಿದ್ದರೆ ಪಿಕಪ್‌ಗೆ ಶೇ. 10–12 ಒಳ್ಳೆಯದು, ಹಿಚ್ ಪ್ಲೇಟ್‌ನಲ್ಲಿ 'ಎಸ್' ಎಂದು ಬರೆದ ಕಿಲೋ ಮಿತಿಯನ್ನು ದಾಟದಿದ್ದರೆ. ಅದೇ ಪ್ಲೇಟ್‌ನಲ್ಲಿ 'ಡಿ' ಎಂಬ ಅಂಕಿಯೂ ಇರುತ್ತದೆ, ಅದು ಹಿಚ್ ತಾಳಬಲ್ಲ ಎಳೆತದ ಬಲದ ಮಿತಿ. ಪಿಕಪ್ ಮತ್ತು ಟ್ರೇಲರ್ ತೂಕಗಳನ್ನು ಟನ್‌ನಲ್ಲಿ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ಬೇಕಾದ 'ಡಿ' ಸಿಗುತ್ತದೆ. ನಮ್ಮ ಉದಾಹರಣೆಗೆ ಸುಮಾರು 8.3 ಕಿಲೋನ್ಯೂಟನ್. ಪ್ಲೇಟೇ ಇಲ್ಲದ, ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಹಿಚ್‌ಗೆ ಕ್ಯಾರವಾನ್ ಕಟ್ಟಬೇಡಿ. ಬಂಪರಿಗೆ ತೂತು ಕೊರೆದು ಕೂರಿಸಿದ ಬಾಲ್ (ಟ್ರೇಲರ್ ಬಂದು ಕೂರುವ ಉಕ್ಕಿನ ಗುಂಡು) ಕೂಡ ಬೇಡ. ಹಿಚ್ ಚಾಸಿಯ ಎರಡೂ ಬದಿಯ ತೊಲೆಗಳಿಗೆ, ತಯಾರಕರು ಕೊಟ್ಟ ದರ್ಜೆಯ ಬೋಲ್ಟ್‌ಗಳಲ್ಲಿ ಕೂತಿರಬೇಕು. ಚಾಸಿಗೆ ವೆಲ್ಡ್ ಮಾಡಿದರೆ ಆ ಜಾಗದ ಉಕ್ಕಿನ ಗುಣವೇ ಕೆಡುತ್ತದೆ, ಬಿರುಕು ಅಲ್ಲಿಂದಲೇ ಶುರು.

ಊಹೆ ಬೇಡ, ತೂಗಿಸಿ. ಮಂಗಳೂರಿನ ಬೈಕಂಪಾಡಿ ಕಡೆ ಲಾರಿಗಳಿಗಾಗಿ ವೇಬ್ರಿಡ್ಜ್‌ಗಳು ಉಂಟು. ಹೊರಡುವ ದಿನದಂತೆಯೇ ಜನ, ಸಾಮಾನು, ಡೀಸೆಲ್ ಎಲ್ಲ ತುಂಬಿಸಿ ಮೂರು ಸಲ ಹತ್ತಿಸಿ. ಮೊದಲು ಟ್ರೇಲರ್ ಕಳಚಿ ಪಿಕಪ್ ಒಂದೇ: 2,810. ಆಮೇಲೆ ಟ್ರೇಲರ್ ಕಟ್ಟಿ, ಪಿಕಪ್‌ನ ನಾಲ್ಕು ಚಕ್ರ ಮಾತ್ರ ತಟ್ಟೆಯ ಮೇಲೆ, ಟ್ರೇಲರ್ ಚಕ್ರ ಹೊರಗೆ: 2,950. ಕೊನೆಗೆ ಎರಡೂ ಪೂರ್ತಿ: 4,010. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಹಿಚ್ ಭಾರ, 140. ಮೂರನೆಯದರಲ್ಲಿ ಮೊದಲನೆಯದನ್ನು ಕಳೆದರೆ ಟ್ರೇಲರ್, 1,200. ಶೇ. 11.7 ಬಂತು, ಅದು ಸರಿ. ಆದರೆ 2,950 ಎಂಬುದು 2,910ರ ಮಿತಿ ದಾಟಿದೆ, ಅದು ತಪ್ಪು. ಕ್ಯಾನಪಿ ಬಿಚ್ಚಿಟ್ಟರೆ 2,890ಕ್ಕೆ ಇಳಿಯುತ್ತದೆ.

ಮನೆಯಲ್ಲೇ ಹಿಚ್ ಭಾರ ನೋಡಲು ಬಾತ್‌ರೂಮ್ ತೂಕದ ಯಂತ್ರ ಸಾಕು. ಒಂದು ಗಟ್ಟಿ ಮರದ ತೊಲೆಯ ಒಂದು ತುದಿಯನ್ನು ಯಂತ್ರದ ಮೇಲೂ ಇನ್ನೊಂದು ತುದಿಯನ್ನು ಅದೇ ಎತ್ತರದ ಕಲ್ಲಿನ ಮೇಲಿಟ್ಟ ಪೈಪ್ ತುಂಡಿನ ಮೇಲೂ ಇಡಿ. ಪೈಪಿನಿಂದ 1 ಅಡಿ, ಯಂತ್ರದ ನಡುವಿನಿಂದ 2 ಅಡಿ ದೂರಕ್ಕೆ ಕಪ್ಲರ್‌ನ (ಬಾಲ್ ಮೇಲೆ ಕೂರುವ ಟ್ರೇಲರ್ ಮೂಗಿನ ಬಾಯಿಯ) ಭಾರ ಬೀಳುವಂತೆ ಇಳಿಸಿ. ಯಂತ್ರ ತೋರಿದ್ದರ ಮೂರು ಪಟ್ಟು ನಿಮ್ಮ ಹಿಚ್ ಭಾರ. ತೊಲೆಯ ತೂಕವನ್ನು ಮೊದಲೇ ನೋಡಿ ಕಳೆದುಕೊಳ್ಳಿ. ಚಕ್ರಗಳಿಗೆ ಅಡೆ ಕೊಟ್ಟಿರಬೇಕು, ಟ್ರೇಲರ್ ಸಮತಟ್ಟಾಗಿರಬೇಕು.

ಹಿಚ್ ಮೇಲಿನ 140 ಕಿಲೋ ಹಿಂದಿನ ಆಕ್ಸಲ್‌ಗೆ 140 ಆಗಿಯೇ ಉಳಿಯುವುದಿಲ್ಲ. ಹೈಲಕ್ಸ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ, 3,085 ಮಿ.ಮೀ. ಬಾಲ್ ಹಿಂದಿನ ಆಕ್ಸಲ್‌ಗಿಂತ 1,250 ಮಿ.ಮೀ. ಹಿಂದಿದ್ದರೆ, ಸನ್ನೆಗೋಲಿನ ಹಾಗೆ, ಹಿಂದಿನ ಆಕ್ಸಲ್ ಮೇಲೆ ಸುಮಾರು 197 ಕಿಲೋ ಬೀಳುತ್ತದೆ, ಮುಂದಿನ ಚಕ್ರಗಳಿಂದ 57 ಕಿಲೋ ಎದ್ದುಹೋಗುತ್ತದೆ. ಮಳೆಯಲ್ಲಿ ಸ್ಟೇರಿಂಗ್ ಹಗುರಾದಂತೆ ಅನಿಸುವುದು, ಎದುರಿನವರು ಲೈಟ್ ಡಿಪ್ ಮಾಡಿ ಎಂದು ಸನ್ನೆ ಮಾಡುವುದು ಇದರಿಂದಲೇ. ಟ್ರೇಲರ್ ಕಟ್ಟುವ ಮೊದಲು ಮತ್ತು ಕಟ್ಟಿದ ಮೇಲೆ ಮುಂದಿನ ಮಡ್‌ಗಾರ್ಡ್ ಅಂಚಿನ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಪಿಕಪ್‌ನ ಮೂಗು ತೀರಾ ಎದ್ದರೆ, ಸ್ಪ್ರಿಂಗ್ ಬಾರ್‌ಗಳ ಬಲದಿಂದ ಮುಂದಿನ ಚಕ್ರಗಳಿಗೂ ಭಾರ ಹಂಚುವ ಹಿಚ್ ಬೇಕಾಗಬಹುದು. ಆದರೆ ಪಿಕಪ್ ಮತ್ತು ಟ್ರೇಲರ್ ಎರಡರ ತಯಾರಕರೂ ಒಪ್ಪಿದರೆ ಮಾತ್ರ ಅದನ್ನು ಹಾಕಿ. ನಮ್ಮ ಊರಿನ ಎತ್ತರದ ಹಂಪ್‌ಗಳಲ್ಲಿ, ಮನೆಯಂಗಳದ ಕಡಿದಾದ ಇಳಿಜಾರಿನಲ್ಲಿ ಅದರ ಸ್ಪ್ರಿಂಗ್ ಬಾರ್‌ಗಳು ಮಿತಿಮೀರಿ ಬಾಗುತ್ತವೆ. ಅಂಥ ಕಡೆ ಬಿಚ್ಚಿ ದಾಟಿಸಬೇಕು.

ಸಾಮಾನು ತುಂಬುವುದು

ಕಾವಡಿ ಹೊತ್ತವರನ್ನು ನೋಡಿ. ಎರಡೂ ತುದಿಯಲ್ಲಿ ಸಮ ಭಾರವಿದ್ದರೂ ಒಮ್ಮೆ ತೂಗಾಡತೊಡಗಿದರೆ ನಿಲ್ಲಿಸುವುದು ಕಷ್ಟ. ಕ್ಯಾರವಾನೂ ಹಾಗೆಯೇ. ಹಿಚ್ ಭಾರ ಸರಿಯಿದೆಯೆಂದು ಹಿಂದಿನ ತುದಿಯಲ್ಲಿ ಎರಡು ಸೈಕಲ್ ಕಟ್ಟಿ, ಅದನ್ನು ಸರಿದೂಗಿಸಲು ಮುಂದಿನ ತುದಿಯಲ್ಲಿ ಬ್ಯಾಟರಿ ಪೇರಿಸಬೇಡಿ. ಭಾರದ್ದೆಲ್ಲ ನೆಲಮಟ್ಟದಲ್ಲಿ, ಆಕ್ಸಲ್‌ನ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ. ಮೇಲಿನ ಕಪಾಟುಗಳಲ್ಲಿ ಬಟ್ಟೆ, ಚಾದರ.

ನೀರಿನ ಟ್ಯಾಂಕ್ ಎಲ್ಲಿದೆ ಎಂದು ಬಗ್ಗಿ ನೋಡಿ. ಲೀಟರಿಗೆ 1 ಕಿಲೋ. ಆಕ್ಸಲ್‌ನಿಂದ ಬಾಲ್‌ಗೆ 3.6 ಮೀಟರ್ ಇದ್ದು, 80 ಲೀಟರ್ ಟ್ಯಾಂಕ್ ಆಕ್ಸಲ್‌ಗಿಂತ 0.9 ಮೀಟರ್ ಹಿಂದಿದ್ದರೆ, ತುಂಬಿದಾಗ ಹಿಚ್ ಭಾರ 20 ಕಿಲೋ ಕಡಿಮೆಯಾಗುತ್ತದೆ. ಹೋಗುವಾಗ ಖಾಲಿ, ಬರುವಾಗ ಕೊಳೆನೀರು ತುಂಬಿದ ಟ್ಯಾಂಕ್. ಅದೇ ಗಾಡಿ, ಅದೇ ರಸ್ತೆ, ಓಟ ಮಾತ್ರ ಬೇರೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಅತ್ತಿತ್ತ ಕುಲುಕುತ್ತದೆ, ಹಾಗಾಗಿ ಪೂರ್ತಿ ತುಂಬಿ ಇಲ್ಲವೇ ಪೂರ್ತಿ ಖಾಲಿ ಮಾಡಿ.

ಅಡುಗೆ ಗ್ಯಾಸ್‌ನ 14.2 ಕಿಲೋ ಸಿಲಿಂಡರ್ ತುಂಬಿದಾಗ ಹತ್ತಿರ ಹತ್ತಿರ 30 ಕಿಲೋ ತೂಗುತ್ತದೆ. ಚಿಕ್ಕ ಕ್ಯಾರವಾನಿಗೆ 5 ಕಿಲೋದ್ದು ಸಾಕು. ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಿ, ರೆಗ್ಯುಲೇಟರ್ ತೆಗೆದು, ಸೇಫ್ಟಿ ಕ್ಯಾಪ್ ಹಾಕಿಯೇ ಗಾಡಿ ಚಲಿಸಬೇಕು. ಓಡುವ ಟ್ರೇಲರ್‌ನೊಳಗೆ ಒಬ್ಬರೂ ಕೂತಿರಬಾರದು, ಮಗು ಮಲಗಿದೆ ಎಂಬ ಕಾರಣಕ್ಕೂ ಬೇಡ.

ಜೋಡಿಸುವ ಕ್ರಮ

ಬಾಲ್‌ನ ಅಳತೆ ಮೊದಲು ನೋಡಿ. 50 ಮಿ.ಮೀ. ಬಾಲ್ ಬೇರೆ, 2 ಇಂಚಿನ ಅಂದರೆ 50.8 ಮಿ.ಮೀ. ಬಾಲ್ ಬೇರೆ. ಕಣ್ಣಿಗೆ ಒಂದೇ ಥರ ಕಾಣುತ್ತವೆ. ದೊಡ್ಡ ಬಾಲ್ ಚಿಕ್ಕ ಕಪ್ಲರ್‌ನಲ್ಲಿ ಪೂರ್ತಿ ಕೂರುವುದಿಲ್ಲ, ಚಿಕ್ಕ ಬಾಲ್ ದೊಡ್ಡ ಕಪ್ಲರ್‌ನಲ್ಲಿ ಕಟಕಟ ಎನ್ನುತ್ತಾ ಸವೆಯುತ್ತದೆ. ಅಳತೆ ಎರಡರ ಮೇಲೂ ಕೆತ್ತಿರುತ್ತದೆ. ಆಮೇಲೆ ಎತ್ತರ: ಕಟ್ಟಿದ ಮೇಲೆ ಕ್ಯಾರವಾನ್ ಸಮವಾಗಿ ಅಥವಾ ಮೂಗು ಒಂದಿಷ್ಟು ತಗ್ಗಿ ನಿಲ್ಲಬೇಕು. ಮೂಗು ಎದ್ದಿದ್ದರೆ ಹಿಚ್ ಭಾರ ಕಡಿಮೆಯಾಗಿ ಓಲಾಟಕ್ಕೆ ದಾರಿಯಾಗುತ್ತದೆ.

ಟ್ರೇಲರ್ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟ ಮೇಲೆಯೇ ಪಿಕಪ್ ಹಿಂದಕ್ಕೆ ತನ್ನಿ. ಕೈಗೆ ಸಿಕ್ಕಿದ ಕೆಂಪುಕಲ್ಲಿನ ಚೂರು ಅಡೆಯಲ್ಲ. ಮಳೆ ನೀರು ಕುಡಿದ ಮುರಕಲ್ಲು ಭಾರ ಬಿದ್ದೊಡನೆ ಪುಡಿಯಾಗುತ್ತದೆ. ರಬ್ಬರ್ ಅಡೆ ಅಥವಾ ಗಟ್ಟಿ ಮರದ್ದು ಬೇಕು. ಕಪ್ಲರನ್ನು ಬಾಲ್ ಮೇಲೆ ಇಳಿಸಿ, ಲಾಚ್ ಮುಚ್ಚಿ, ಪಿನ್ ಹಾಕಿ. ಆಮೇಲೆ ಮಾಡಬೇಕಾದ ಒಂದು ಪರೀಕ್ಷೆಯನ್ನು ಎಂದಿಗೂ ಬಿಡಬೇಡಿ: ಮೂಗಿನಡಿಯ ಜಾಕಿ ಚಕ್ರದ ಹಿಡಿಯನ್ನು ತಿರುಗಿಸಿ ಟ್ರೇಲರ್‌ನ ಮೂಗನ್ನು ಮೇಲೆತ್ತಿ. ಪಿಕಪ್‌ನ ಹಿಂಭಾಗವೂ ಜೊತೆಗೆ ಎದ್ದರೆ ಲಾಚ್ ಹಿಡಿದಿದೆ. ಕಪ್ಲರ್ ಮಾತ್ರ ಎದ್ದರೆ ಅದು ಬಾಲ್ ಮೇಲೆ ಸುಮ್ಮನೆ ಕೂತಿತ್ತು ಅಷ್ಟೆ. ಮೊದಲ ಹಂಪ್‌ನಲ್ಲೇ ಕಳಚುತ್ತಿತ್ತು. ಬಾಲ್‌ಗೆ ತೆಳುವಾಗಿ ಗ್ರೀಸ್ ಹಚ್ಚುವುದು ವಾಡಿಕೆ. ಆದರೆ ಕಪ್ಲರ್ ಒಳಗೆ ಘರ್ಷಣೆಯ ಪ್ಯಾಡ್ ಇರುವ ಸ್ಟೆಬಿಲೈಸರ್ ಮಾದರಿಯದಾದರೆ ಗ್ರೀಸ್‌ನ ಲೇಪವೂ ಇರಬಾರದು, ಬಾಲ್ ಒಣಗಿ ಶುಭ್ರವಾಗಿರಬೇಕು.

ಸೇಫ್ಟಿ ಚೈನ್‌ಗಳನ್ನು ಕಪ್ಲರ್‌ನ ಕೆಳಗೆ ಒಂದಕ್ಕೊಂದು ಅಡ್ಡವಾಗಿ ದಾಟಿಸಿ ಹಿಚ್‌ಗೆ ಸಿಕ್ಕಿಸಿ. ಕಪ್ಲರ್ ಕಳಚಿದರೆ ಮೂಗು ನೆಲಕ್ಕೆ ಗುದ್ದದೆ ಆ ಜೋಲಿಯಲ್ಲಿ ನಿಲ್ಲುತ್ತದೆ. ತಿರುವಿಗೆ ಸಾಕಾಗುವಷ್ಟು ಸಡಿಲ, ನೆಲಕ್ಕೆ ಉಜ್ಜದಷ್ಟು ಬಿಗಿ. ಟ್ರೇಲರ್ ಕಳಚಿದರೆ ಅದರ ಬ್ರೇಕ್ ಹಿಡಿಸುವ ಬ್ರೇಕ್‌ಅವೇ ಕೇಬಲ್ ಬೇರೆಯೇ ಕೊಂಡಿಗೆ ಹೋಗಬೇಕು. ಚೈನ್‌ಗೇ ಕಟ್ಟಿದರೆ ಟ್ರೇಲರ್ ಕಳಚಿದಾಗ ಅದು ಎಳೆಯದೇ ಉಳಿಯಬಹುದು.

ಲೈಟ್‌ಗಳ ವೈರಿಂಗ್‌ನಲ್ಲಿ ಇಲ್ಲಿನ ಉಪ್ಪುಗಾಳಿಯೇ ದೊಡ್ಡ ಶತ್ರು. ದುಂಡನೆಯ 7 ಪಿನ್ ಸಾಕೆಟ್‌ನ ಯುರೋಪಿನ ಕ್ರಮದಲ್ಲಿ 1 ಎಡ ಇಂಡಿಕೇಟರ್, 3 ಅರ್ಥ್, 4 ಬಲ ಇಂಡಿಕೇಟರ್, 5 ಬಲ ಟೈಲ್, 6 ಬ್ರೇಕ್, 7 ಎಡ ಟೈಲ್. 2 ಹಿಂದಿನ ಫಾಗ್ ಲೈಟ್‌ಗೆ. ಅಮೆರಿಕದ ಚಪ್ಪಟೆ ಪಿನ್‌ನ ಕ್ರಮ ಬೇರೆ, ಎರಡನ್ನೂ ಬೆರೆಸಬೇಡಿ. ಇಂಡಿಕೇಟರ್ ಹಾಕಿದಾಗ ಟೈಲ್ ಲೈಟೂ ಮಿಣುಕಿದರೆ ಹೆಚ್ಚಿನ ಸಲ ಕಾರಣ ಅರ್ಥ್ ಸರಿಯಿಲ್ಲದಿರುವುದು: ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿದು ವ್ಯಾಸಲಿನ್ ಸವರಿ. ಹೊಸ ಪಿಕಪ್‌ಗಳ ವೈರನ್ನು ಕತ್ತರಿಸಿ ಜೋಡಿಸಬಾರದು, ರಿಲೇ ಮಾಡ್ಯೂಲ್ ಇರುವ ಕಿಟ್ ಹಾಕಿಸಿ.

ಟೈರ್ ಬಗ್ಗೆ ಒಂದು ಮಾತು. ಕ್ಯಾರವಾನ್ ವರ್ಷದ ಬಹುಪಾಲು ನಿಂತೇ ಇರುತ್ತದೆ, ಹಾಗಾಗಿ ಅದರ ಟೈರ್ ಸವೆದು ಹಾಳಾಗುವುದು ಕಡಿಮೆ, ಮುದಿಯಾಗಿ ಒಡೆಯುವುದೇ ಹೆಚ್ಚು. ಪಕ್ಕದ ಗೋಡೆಯ ನಾಲ್ಕಂಕಿ ನೋಡಿ: 2319 ಎಂದರೆ 2019ರ 23ನೇ ವಾರ. ಐದಾರು ವರ್ಷ ದಾಟಿದ್ದರೆ ಟೈರಿನ ಗೆರೆಗಳು ಎಷ್ಟೇ ಆಳವಿದ್ದರೂ ಬದಲಿಸಿ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಟ್ರೇಲರ್ ಪ್ಲೇಟ್‌ನಲ್ಲಿ ಹೇಳಿದಷ್ಟು ತುಂಬಿಸಿ. ಕಡಿಮೆ ಗಾಳಿಯ ಟೈರ್ ಬಿಸಿಯಾಗಿ ಪದರ ಬಿಡುತ್ತದೆ. ಚಕ್ರ ಹಾಕಿದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿದು, 15, 40, 80 ಕಿ.ಮೀ. ಆದ ಮೇಲೆ ಮತ್ತೆ ನೋಡಿ.

ಕಾಗದಪತ್ರದಲ್ಲಿ: ಟ್ರೇಲರ್‌ಗೂ ತನ್ನದೇ ನೋಂದಣಿ ಬೇಕು. ಅದರ ಸಂಖ್ಯೆ ಬದಿಯಲ್ಲಿ, ಎಳೆಯುವ ಗಾಡಿಯ ಸಂಖ್ಯೆ ಟ್ರೇಲರ್‌ನ ಹಿಂಬದಿಯಲ್ಲಿ ಕಾಣಬೇಕು. ನಿಮ್ಮದು ಕೆಎ-19 ಆಗಲಿ ಕೆಎ-20 ಆಗಲಿ, ಹಿಂದಿನಿಂದ ಬರುವವರಿಗೆ ಪಿಕಪ್‌ನ ಸಂಖ್ಯೆಯೇ ಕಾಣಿಸಬೇಕು. ಇನ್ಶೂರೆನ್ಸ್‌ನಲ್ಲಿ ಟ್ರೇಲರ್ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಅಮೆರಿಕದ ನಕ್ಷೆ ನೋಡಿ ಕಟ್ಟಿದ ಕ್ಯಾರವಾನ್‌ಗಳ ಬಾಗಿಲು ಬಲಕ್ಕಿರುತ್ತದೆ. ಎಡಬದಿಯಲ್ಲಿ ಓಡಿಸುವ ನಮ್ಮಲ್ಲಿ ಅದು ನೇರ ವಾಹನಗಳ ಮುಂದೆ ತೆರೆದುಕೊಳ್ಳುತ್ತದೆ. ಕೊಳ್ಳುವ ಮೊದಲೇ ಇದನ್ನು ನೋಡಿ.

ಬ್ರೇಕ್

ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್‌ಗೆ 750 ಕಿಲೋ ಮಿತಿ. ಆ ತೂಕ ದಾಟಿದ ಕ್ಯಾರವಾನ್‌ಗೆ ಸ್ವಂತ ಬ್ರೇಕ್ ಇರಲೇಬೇಕೆಂದು ಇಲ್ಲಿಯೂ ಇಟ್ಟುಕೊಳ್ಳಿ. ಎರಡು ಬಗೆ: ಟ್ರೇಲರ್ ಹಿಂದಿನಿಂದ ತಳ್ಳಿದಾಗ ತಾನಾಗಿ ಹಿಡಿಯುವ ಓವರ್‌ರನ್ ಬ್ರೇಕ್, ಮತ್ತು ಕ್ಯಾಬಿನ್‌ನಲ್ಲಿ ಕಂಟ್ರೋಲರ್ ಇರುವ ಎಲೆಕ್ಟ್ರಿಕ್ ಬ್ರೇಕ್. ಎಲೆಕ್ಟ್ರಿಕ್‌ನ ಬಲ ಹೊಂದಿಸಲು ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಕಂಟ್ರೋಲರ್‌ನ ಕೈ ಲಿವರ್ ಮಾತ್ರ ಒತ್ತಿ. ಟ್ರೇಲರ್ ಚಕ್ರ ಉಜ್ಜಿಕೊಂಡು ಹೋದರೆ ಬಲ ಹೆಚ್ಚಾಯಿತು, ಅದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ. ಮಳೆ ಬಂದರೆ ಇನ್ನೂ ಇಳಿಸಬೇಕು. ಓವರ್‌ರನ್‌ಗೆ ಇಂಥ ಹೊಂದಾಣಿಕೆ ಕ್ಯಾಬಿನ್‌ನಿಂದ ಇಲ್ಲ, ಅದರ ಕಷ್ಟ ಘಾಟಿಯಲ್ಲಿ ಗೊತ್ತಾಗುತ್ತದೆ.

ಹೆದ್ದಾರಿ 66ರಲ್ಲಿ

ವೇಗ 60, ರಸ್ತೆ ಖಾಲಿಯಿದ್ದರೂ 70. ಓಲಾಟ ವೇಗದೊಂದಿಗೆ ಬೆಳೆಯುತ್ತದೆ. 65ರಲ್ಲಿ ತಾನಾಗಿ ಅಡಗುವ ಅಲುಗಾಟ 90ರಲ್ಲಿ ಅಡಗುವುದಿಲ್ಲ. ಮುಂದಿನ ವಾಹನಕ್ಕೂ ನಿಮಗೂ 5 ಸೆಕೆಂಡ್ ಅಂತರವಿರಲಿ, 60ರಲ್ಲಿ ಅದು ಸುಮಾರು 83 ಮೀಟರ್. ಅಷ್ಟು ಜಾಗ ಬಿಟ್ಟರೆ ನಡುವೆ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಮಂಗಳೂರು–ಉಡುಪಿ ನಡುವಿನ ಎಕ್ಸ್‌ಪ್ರೆಸ್ ಬಸ್‌ಗಳನ್ನು ಬಲ ಕನ್ನಡಿಯಲ್ಲಿ ಮೊದಲೇ ಗುರುತಿಸಿ. ಬಸ್ ಪಕ್ಕಕ್ಕೆ ಬಂದಾಗ ಅದರ ಮುಂದಿನ ಗಾಳಿ ಕ್ಯಾರವಾನಿನ ಹಿಂಭಾಗವನ್ನು ಎಡಕ್ಕೆ ತಳ್ಳುತ್ತದೆ, ಬಸ್ ಮುಂದೆ ಹೋಗುತ್ತಿದ್ದಂತೆ ಅದೇ ಗಾಳಿ ಬಲಕ್ಕೆ ಸೆಳೆಯುತ್ತದೆ. ಓಲಾಟ ಹುಟ್ಟಲು ಇಷ್ಟೇ ಸಾಕು. ಬಸ್ ಹತ್ತಿರವಾಗುವ ಮೊದಲು ಆಕ್ಸಿಲರೇಟರ್ ತುಸು ಸಡಿಲಿಸಿ, ಲೇನ್‌ನ ಎಡ ಅಂಚಿಗೆ ನಿಧಾನ ಸರಿದು, ಸ್ಟೇರಿಂಗ್ ನೇರ ಹಿಡಿಯಿರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಮರವಂತೆಯಲ್ಲಿ ಮಳೆಗಾಲದ ಪಡುಗಾಳಿಗೆ ಅಡ್ಡ ಏನೂ ಇಲ್ಲ. ಅಲ್ಲಿ 40ಕ್ಕೆ ಇಳಿಯಿರಿ.

ಓಲಾಟ ಶುರುವಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸ್ಟೇರಿಂಗ್ ನೇರವಾಗಿ ಗಟ್ಟಿ ಹಿಡಿಯಿರಿ. ಟ್ರೇಲರ್ ಬೀಸಿದ ಕಡೆಗೆ ತಿರುಗಿಸಿ ಸರಿಪಡಿಸಲು ಹೋದರೆ ನಿಮ್ಮ ಪ್ರತಿ ತಿರುವೂ ಒಂದು ಕ್ಷಣ ತಡವಾಗಿ ತಲುಪಿ ಬೀಸಾಟವನ್ನು ಹೆಚ್ಚಿಸುತ್ತದೆ. ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಕೈ ಲಿವರ್ ಒತ್ತಿ ಟ್ರೇಲರನ್ನು ಮಾತ್ರ ಹಿಂದಕ್ಕೆ ಎಳೆಯಿಸಿ. ಪಿಕಪ್‌ನ ಬ್ರೇಕ್ ಜೋರಾಗಿ ತುಳಿಯಬೇಡಿ, ವೇಗ ಹೆಚ್ಚಿಸಿ ಎಳೆದು ನೇರ ಮಾಡಲೂ ಹೋಗಬೇಡಿ. ನಿಂತ ಮೇಲೆ ಕಾರಣ ಹುಡುಕಿ: ಹಿಂದೆ ಜಾರಿದ ಸಾಮಾನೋ, ಗಾಳಿ ಇಳಿದ ಟೈರೋ, ಮೂಗು ಎದ್ದಿದೆಯೋ. ಕಾರಣ ಸಿಗದೆ ಹೊರಡಬೇಡಿ.

ಡಿವೈಡರ್‌ನ ಸಂದುಗಳಲ್ಲಿ ಯು-ಟರ್ನ್ ಬೇಡ. 5.3 ಮೀಟರಿನ ಪಿಕಪ್‌ಗೆ 5.5 ಮೀಟರಿನ ಟ್ರೇಲರ್ ಸೇರಿದರೆ ಸುಮಾರು 11 ಮೀಟರ್. ಮೂಗು ಆಚೆ ರಸ್ತೆಗೆ ಕಾಯುತ್ತಿರುವಾಗ ಬಾಲ ಈಚೆಯ ವೇಗದ ಲೇನ್‌ನಲ್ಲೇ ಇರುತ್ತದೆ. ಸರ್ವಿಸ್ ರಸ್ತೆಗಿಳಿದು ಅಂಡರ್‌ಪಾಸ್ ಹುಡುಕಿ. ಅದಕ್ಕೆ ಮೊದಲು ಏಸಿ ಸೇರಿಸಿ ಕ್ಯಾರವಾನಿನ ಎತ್ತರ ಅಳೆದು ಡ್ಯಾಶ್‌ಬೋರ್ಡ್‌ನಲ್ಲಿ ಅಂಟಿಸಿಕೊಂಡಿರಬೇಕು. ಒಳರಸ್ತೆಗಳಲ್ಲಿ ತೆಂಗಿನ ಗರಿ, ಜೋತುಬಿದ್ದ ಕೇಬಲ್ ಎರಡೂ ಏಸಿಯ ಎತ್ತರದಲ್ಲೇ ಇರುತ್ತವೆ.

ಮೊದಲ ನಿಲುಗಡೆ ಮೂಲ್ಕಿಯಲ್ಲಿ, ಹೊರಟು ಸುಮಾರು 30 ಕಿ.ಮೀ.ಗೆ. ಇಳಿದು ಲಾಚ್, ಚೈನ್, ಪ್ಲಗ್ ನೋಡಿ, ಪ್ರತಿ ಚಕ್ರದ ನಡುವಿನ ಹಬ್‌ನ ಹತ್ತಿರ ಕೈ ತನ್ನಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಬಿಡುತ್ತಿಲ್ಲ. ಒಂದು ಹಬ್ ಮಾತ್ರ ಬಿಸಿಯಾಗಿದ್ದರೆ ಅದರ ತೊಂದರೆ ಅಲ್ಲಿಯೇ ಉಂಟು.

ಘಾಟಿ

ಆಗುಂಬೆಯ 14 ಹೇರ್‌ಪಿನ್ ತಿರುವುಗಳಿಗೆ ಕ್ಯಾರವಾನ್ ಒಯ್ಯಬೇಡಿ. ಟ್ರೇಲರ್ ಯಾವಾಗಲೂ ಪಿಕಪ್‌ಗಿಂತ ಒಳಗಿನ ದಾರಿ ಹಿಡಿಯುತ್ತದೆ; ಅದಕ್ಕೆ ಜಾಗ ಕೊಡಲು ನೀವು ಹೊರಗೆ ಹೋಗಬೇಕು, ಅಂದರೆ ಎದುರಿನವರ ಲೇನ್‌ಗೆ. ಘಟ್ಟ ಹತ್ತಲೇಬೇಕಿದ್ದರೆ ಹೆದ್ದಾರಿ 75ರ ಶಿರಾಡಿಯೇ ಮೇಲು. ಮಳೆಗಾಲದಲ್ಲಿ ಗುಡ್ಡ ಜರಿದು ಬಂದ್ ಆಗುವುದುಂಟು, ಹೊರಡುವ ಬೆಳಿಗ್ಗೆ ವಿಚಾರಿಸಿ. ಸಾಲುಗಟ್ಟಿದ ಲಾರಿಗಳ ಹಿಂದೆಯೇ ಹೋಗಿ, ಓವರ್‌ಟೇಕ್ ಮಾಡುವಷ್ಟು ಎಳೆತ ಏರಿನಲ್ಲಿ ನಿಮಗಿಲ್ಲ.

ಇಳಿಯುವಾಗ ಹತ್ತಿದ ಗೇರ್‌ನಲ್ಲೇ, ಬೇಕಿದ್ದರೆ ಅದಕ್ಕಿಂತ ಕೆಳಗಿನದರಲ್ಲಿ. ಆಟೋಮ್ಯಾಟಿಕ್ ಆದರೆ ಮ್ಯಾನುವಲ್ ಮೋಡ್‌ಗೆ ಹಾಕಿ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು, ವೇಗ ಏರಿದ ಮೇಲೆ ಅಲ್ಲ. ಬ್ರೇಕನ್ನು ಸತತ ಒತ್ತಿ ಹಿಡಿಯಬೇಡಿ. ಗಟ್ಟಿಯಾಗಿ ಒತ್ತಿ 10 ಕಿ.ಮೀ. ವೇಗ ಇಳಿಸಿ, ಪೂರ್ತಿ ಬಿಟ್ಟು, ಮತ್ತೆ ಏರಿದಾಗ ಒತ್ತಿ. ಓವರ್‌ರನ್ ಇರುವವರು ಹೆಚ್ಚು ಎಚ್ಚರದಿಂದಿರಬೇಕು. ಎಂಜಿನ್ ಪಿಕಪ್ಪನ್ನು ತಡೆದಷ್ಟೂ ಟ್ರೇಲರ್ ಹಿಂದಿನಿಂದ ಒತ್ತುತ್ತಲೇ ಇರುತ್ತದೆ, ಅದರ ಬ್ರೇಕ್ ಇಳಿಜಾರಿನುದ್ದಕ್ಕೂ ಬಿಡದೆ ಉಜ್ಜುತ್ತದೆ. ಸುಟ್ಟ ವಾಸನೆ ಬರುವ ಮೊದಲೇ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಅಡೆ ಕೊಟ್ಟು, ಅರ್ಧ ಗಂಟೆ ಆರಲು ಬಿಡಿ. ಬಿಸಿ ಡ್ರಮ್‌ಗೆ ಹ್ಯಾಂಡ್‌ಬ್ರೇಕ್ ಹಾಕಿಡಬೇಡಿ, ನೀರನ್ನೂ ಸುರಿಯಬೇಡಿ.

ತಲುಪಿದ ಮೇಲೆ

ರಿವರ್ಸ್ ತೆಗೆಯುವಾಗ ಕೈಯನ್ನು ಸ್ಟೇರಿಂಗ್‌ನ ಕೆಳಭಾಗದಲ್ಲಿ ಹಿಡಿಯಿರಿ. ಕೈ ಎಡಕ್ಕೆ ಹೋದರೆ ಟ್ರೇಲರ್ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಸಾಧ್ಯವಿದ್ದಷ್ಟು ಬಲಕ್ಕೆ ತಿರುಗುವ ಜಾಗವನ್ನೇ ಆರಿಸಿ. ನಮ್ಮ ಡ್ರೈವರ್ ಸೀಟು ಬಲಕ್ಕಿರುವುದರಿಂದ ಟ್ರೇಲರ್‌ನ ಹಿಂಬದಿ ಕಣ್ಣೆದುರಿಗೇ ಇರುತ್ತದೆ. ಕೋನ ಹೆಚ್ಚಾಗಿ ಮಡಚತೊಡಗಿದರೆ ಜಗ್ಗಾಡದೆ ಮುಂದೆ ಹೋಗಿ ನೇರ ಮಾಡಿಕೊಳ್ಳಿ. ದಾರಿ ಹೇಳುವವರು ಕನ್ನಡಿಯಲ್ಲಿ ಕಾಣುವಂತೆ ನಿಲ್ಲಲಿ. ಅವರು ಮರೆಯಾದ ತಕ್ಷಣ ಬ್ರೇಕ್.

ಕಳಚುವ ಮೊದಲು ಅಡೆ, ಆಮೇಲೆ ಲಾಚ್. ಒದ್ದೆ ಮಣ್ಣಿನಲ್ಲಿ ಜಾಕಿ ಚಕ್ರ ಹೂತುಹೋಗುತ್ತದೆ, 30 ಸೆ.ಮೀ. ಚೌಕದ ಹಲಗೆ ಕೆಳಗಿಡಿ. ಮೂಲೆಗಳ ಸ್ಟ್ಯಾಂಡ್‌ಗಳು ಅಲುಗಾಟ ನಿಲ್ಲಿಸಲು ಮಾತ್ರ, ಟ್ರೇಲರನ್ನು ಎತ್ತಲು ಅಲ್ಲ. ಅವುಗಳಲ್ಲಿ ಎತ್ತಿದರೆ ಚೌಕಟ್ಟು ತಿರುಚುತ್ತದೆ. ಕಡಲಂಚಿನಲ್ಲಿ ಎರಡು ರಾತ್ರಿ ನಿಂತ ಕ್ಯಾರವಾನನ್ನು ಮನೆಗೆ ತಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಚಾಸಿಯ ಒಳಬದಿ, ಸ್ಪ್ರಿಂಗ್, ಬ್ರೇಕ್ ಕೇಬಲ್‌ನ ತುದಿಗಳನ್ನು ಬಿಡದೆ ತೊಳೆದು, ಕಪ್ಲರ್ ಒಣಗಿಸಿ, ಪ್ಲಗ್‌ಗೆ ಮುಚ್ಚಳ ಹಾಕಿ. ಬೇರಿಂಗ್‌ಗಳನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೆ, ಬಿಚ್ಚಿ ಹಳೆ ಗ್ರೀಸ್ ಪೂರ್ತಿ ತೆಗೆದು ಹೊಸದು ತುಂಬಿಸಿ. ತೆಗೆದ ಗ್ರೀಸ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಒಳಹೊಕ್ಕಿದೆ, ಸೀಲ್ ಕೂಡ ಬದಲಿಸಬೇಕು.